ಗವ್ವಪಾಲೆಂನ ಒಂದು ವೋಟು

ಮಧುರವಾಡ, ವಿಶಾಖಪಟ್ಟಣ
18 ಜನವರಿ 2026

ಜಯತ್ತೆಗೆ ಹರಿಣಿಯ ನಮಸ್ಕಾರಗಳು.

ಕಿವಿಯ ಮಷೀನನ್ನು ಡಬ್ಬಿಗೆ ಹಾಕಿಟ್ಟು, ಇನ್ನು ಮೇಲೆ ಫೋನ್ ಬೇಡ, ಕಾಗದ ಬರಿ, ಅದೂ ಕನ್ನಡದಲ್ಲೇ ಬರಿ ಅಂತ ಅಪ್ಪಣೆ ಮಾಡಿದ್ದೀರಿ. ಸರಿ ತಾಯಿ. ಲಕೋಟೆ ಕೊಳ್ಳೋಕೆ ಹೋದರೆ ಪೋಸ್ಟಾಫೀಸಿನಾಕೆ ನಾನೇನೋ ಕೋರ್ಟು ಕೇಸು ಹಾಕೋಕೆ ಬಂದವಳ ಥರ ನೋಡಿದಳು. ವಿಜಯವಾಡದ ನಿಮ್ಮ ಮನೆಯಲ್ಲಿ ನಿಮ್ಮೊಬ್ಬರನ್ನು ಬಿಟ್ಟು ಯಾರಿಗೂ ಕನ್ನಡ ಓದೋಕೆ ಬರಲ್ಲ ಅನ್ನೋದೇ ನನಗಿರೋ ಧೈರ್ಯ. ಏನು ಬೇಕಾದರೂ ಬರೀಬಹುದು.

ಸುದ್ದಿ ಏನಪ್ಪಾ ಅಂದರೆ, ನಮ್ಮ ಕಡೆ ಉಪಚುನಾವಣೆ ಬಂದಿದೆ. ನಮ್ಮಂಥ ಬ್ಯಾಂಕಿನವರನ್ನು ಹಿಡಿದು ಮೈಕ್ರೋ ಅಬ್ಸರ್ವರ್ ಅಂತ ಬೂತಿನ ಮೂಲೆಯಲ್ಲಿ ಕೂರಿಸುತ್ತಾರೆ. ಮಾತಾಡೋ ಹಾಗಿಲ್ಲ, ಯಾವುದಕ್ಕೂ ಕೈ ಹಾಕೋ ಹಾಗಿಲ್ಲ. ನೋಡಬೇಕು, ಸಂಜೆ ನೋಡಿದ್ದನ್ನು ಬರೆದುಕೊಡಬೇಕು. ನನ್ನಂಥ ಬಾಯಿಬಡುಕಿಗೆ ಈ ಶಿಕ್ಷೆ! ನನಗೆ ಸಿಕ್ಕಿರೋದು ಋಷಿಕೊಂಡ ದಾಟಿ ಮುಂದೆ ಹೋದರೆ ಬರುವ ಗವ್ವಪಾಲೆಂ ಅನ್ನೋ ಮೀನುಗಾರರ ಪುಟ್ಟ ಹಳ್ಳಿ.

ನಿನ್ನೆ ಜಾಗ ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಬೆಳಗಿನ ಮಂಜು ಇನ್ನೂ ಎದ್ದಿರಲಿಲ್ಲ ಅತ್ತೆ. ಸಮುದ್ರ ಎಲ್ಲಿ ಮುಗಿಯಿತು, ಮರಳು ಎಲ್ಲಿ ಶುರುವಾಯಿತು ಗೊತ್ತೇ ಆಗುತ್ತಿರಲಿಲ್ಲ. ದೋಣಿಗಳು ಗಾಳಿಯಲ್ಲಿ ನಿಂತ ಹಾಗಿದ್ದವು. ಯಾರೋ ಹೆಂಗಸು ಹಾಡಿಕೊಂಡು ಬಲೆ ಕೊಡವುತ್ತಿದ್ದಳು, ದನಿ ಕೇಳಿಸುತ್ತಿತ್ತು, ಆಳು ಕಾಣುತ್ತಿರಲಿಲ್ಲ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟೆ.

ಆ ಹಳ್ಳಿಯನ್ನು ಎಬ್ಬಿಸಿ ಹಿಂದಿನ ಬೆಟ್ಟದ ಮೇಲೆ ಮನೆ ಕಟ್ಟಿಕೊಡುತ್ತಾರಂತೆ. ಬೀಚನ್ನು ಚೆಂದ ಮಾಡುವ ಯೋಜನೆ, ಈ ಸಲ ನಿಂತವರಲ್ಲಿ ಒಬ್ಬ ಅದನ್ನು ಮಾಡಿಯೇ ತೀರುತ್ತೀನಿ ಅಂತಿದ್ದಾನೆ. ಊರಿನವರು ಬೇಡ ಅಂತಿದ್ದಾರೆ. ಇಲ್ಲಿ ಜಗಳ, ಮದುವೆ, ಬಲೆ ಹಾಕೋ ಜಾಗ, ಎಲ್ಲವನ್ನೂ ತೀರ್ಮಾನ ಮಾಡೋದು ಪೆದ್ದಲು, ಅಂದರೆ ಊರಿನ ಹಿರಿಯರು. ಅವರಲ್ಲಿ ಮುಖ್ಯನಾದವನನ್ನು ಪೆದ್ದಾಯನ ಅಂತಾರೆ. ಬಿಳಿ ಮೀಸೆ, ಕೆಂಡದ ತುದಿ ಒಳಗೆ ಮಾಡಿ ಬಾಯಲ್ಲಿ ಉಲ್ಟಾ ಹಿಡಿದ ಚುಟ್ಟಾ. ಅವರು ವೋಟನ್ನೇ ಬಹಿಷ್ಕರಿಸಿದ್ದಾರೆ.

"ಯಾಕೆ ತಾತಾ? ಬೇಡ ಅನ್ನೋದನ್ನ ವೋಟಲ್ಲೇ ಹೇಳಬಹುದಲ್ಲ?" ಅಂದೆ, ನನ್ನ ಬ್ಯಾಂಕ್ ತೆಲುಗಿನಲ್ಲಿ.

"ಯಾರಿಗೇ ಒತ್ತಲಿ, ಒತ್ತಿದ ಮೇಲೆ ನಿಮ್ಮ ಆಟಕ್ಕೆ ಬಂದ ಹಾಗಾಯ್ತಲ್ಲಮ್ಮಾ? ಗೆದ್ದವನು, ನೀವೇ ಕೊಟ್ಟ ಅಧಿಕಾರ ಅಂತ ನಮ್ಮನ್ನೇ ಎಬ್ಬಿಸುತ್ತಾನೆ. ಅದಕ್ಕೇ ವೋಟಿನ ದಿನ ನಾವು ಯಾರೂ ನೆಲದ ಮೇಲೇ ಇರಲ್ಲ. ನೆಲ ನಿಮ್ಮದು ಅಂತೀರಲ್ಲ, ಆಳಿಕೊಳ್ಳಿ" ಅಂದ.

ಎಷ್ಟು ಸೊಕ್ಕು ಅಂತ ಮೊದಲು ಅನ್ನಿಸಿತು. ಬಸ್ಸಲ್ಲಿ ಬರ್ತಾ ಬರ್ತಾ, ಅವನು ಹೇಳೋದೂ ಸರಿಯೇನೋ ಅನ್ನಿಸಿತು. ಮಾವ ಇಷ್ಟು ವರ್ಷ ಡೆಪ್ಯುಟಿ ತಹಶೀಲ್ದಾರರಾಗಿ ಚುನಾವಣೆ ನಡೆಸಿದವರು. ಅವರನ್ನು ಕೇಳಿ ಬರೆಯಿರಿ.

ನಿಮ್ಮ
ಹರಿಣಿ


ಸತ್ಯನಾರಾಯಣಪುರಂ, ವಿಜಯವಾಡ
24 ಜನವರಿ 2026

ಚಿ. ಹರಿಣಿಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂತು ಕಣೇ. ಎರಡು ಸಲ ಓದಿದೆ. ಇಲ್ಲೂ ಬೆಳಗ್ಗೆ ಕೃಷ್ಣಾ ನದಿ ಮೇಲೆ ಮಂಜು. ಬ್ಯಾರೇಜ್ ಕಡೆ ನಡೆದುಕೊಂಡು ಹೋದರೆ ಕನಕದುರ್ಗಮ್ಮನ ಬೆಟ್ಟದ ಅರ್ಧ ಮಾತ್ರ ಕಾಣುತ್ತೆ, ಕೆಳಗಿನ ಅರ್ಧ ಯಾರೋ ಒರೆಸಿದ ಹಾಗೆ. ಕಿವಿಯಲ್ಲಿ ಮಷೀನ್ ಇಲ್ಲದಿದ್ದರೆ ಲೋಕ ಎಷ್ಟು ಮೆತ್ತಗಿದೆ ಗೊತ್ತಾ? ಬಸ್ಸೂ ಸದ್ದಿಲ್ಲದೆ ಹೋಗುತ್ತೆ, ನಿಮ್ಮ ಮಾವನೂ ಸದ್ದಿಲ್ಲದೆ ಕೂಗಾಡುತ್ತಾರೆ.

ಅವರನ್ನು ಕೇಳಿದೆ. ಕೇಳಿದ್ದೇ ತಪ್ಪಾಯ್ತು. ಇಡ್ಲಿ ಆರಿಹೋಗುವ ತನಕ ಪಾಠ. ಅವರ ಪ್ರಕಾರ ಸರ್ಕಾರ ಅಂದರೆ ಯಾರೋ ಒಪ್ಪಿದರು, ಒಪ್ಪಲಿಲ್ಲ ಅಂತ ಇರೋದಲ್ಲ. ಕಾನೂನಿದೆ, ಅದಕ್ಕೆ ಸರ್ಕಾರ ಇದೆ. "ವೋಟು ಹಾಕದವನ ಮನೆ ಕರೆಂಟ್ ಕಟ್ ಮಾಡ್ತೀವಾ? ಇಲ್ಲವಲ್ಲ! ಅವನಿಗೂ ನಾವೇ ಸರ್ಕಾರ" ಅಂದರು ನಮ್ಮ ಯಜಮಾನರು ದುರ್ಗಾಪ್ರಸಾದ್ ಗಾರು. ನಾನು, "ಹಾಗಾದ್ರೆ ಅವರನ್ನ ಕೇಳೋ ನಾಟಕ ಯಾಕೆ? ಇಂಕ್ ದಂಡ" ಅಂದೆ. ಎದ್ದು ಹೋಗಿ ಪೇಪರ್ ಹಿಡಿದುಕೊಂಡರು.

ಆಮೇಲೆ ಮನಸ್ಸು ತಡೆಯದೆ ಬಂದು ನಿನಗೆ ಒಂದು ಎಚ್ಚರಿಕೆ ಹೇಳಿದರು, ಬರಿ ಅಂದರು. ಸಂಜೆ ಬೂತ್ ಮುಚ್ಚುವಾಗ ಎಷ್ಟು ವೋಟು ಬಿತ್ತು ಅಂತ ಪ್ರಿಸೈಡಿಂಗ್ ಆಫೀಸರ್ ಒಂದು ಹಾಳೆಯಲ್ಲಿ ಬರೆಯುತ್ತಾರಂತಲ್ಲ. ಅದಕ್ಕೂ ಮಷೀನಿನ ಲೆಕ್ಕಕ್ಕೂ ಒಂದೇ ಒಂದು ವ್ಯತ್ಯಾಸ ಬಂದರೂ ಎಣಿಕೆಯ ದಿನ ಆ ಮಷೀನನ್ನು ಬದಿಗಿಡುತ್ತಾರಂತೆ. ಗೆಲುವಿನ ಅಂತರ ದೊಡ್ಡದಾದರೆ ಅದನ್ನು ಎಣಿಸೋದೇ ಇಲ್ಲವಂತೆ. ಹಿಂದೊಂದು ಸಲ ಅವರ ಕೈಕೆಳಗಿನವನು ಹೀಗೆ ಎಡವಟ್ಟು ಮಾಡಿ ಇವರು ಬೈಸಿಕೊಂಡಿದ್ದರು. ಅದಕ್ಕೆ ನೀನು ಕಣ್ಣಿಟ್ಟು ನೋಡಬೇಕಂತೆ.

ಈಗ ನಿನಗೊಂದು ಗುಟ್ಟು. ಪ್ರತಿ ಚುನಾವಣೆಗೂ ಬೆಳಗಿನ ತಿಂಡಿಗೆ ಮುಂಚೆ ನಿಮ್ಮ ಮಾವ ನನಗೆ ಯಾವ ಗುರುತು, ಮೇಲಿಂದ ಎಷ್ಟನೇದು ಅಂತ ಹೇಳಿ ಕಳಿಸುತ್ತಾರೆ. ನಾನು ತಲೆಯಾಡಿಸಿ ಹೋಗಿ ನನಗೆ ಬೇಕಾದ್ದನ್ನು ಒತ್ತಿ ಬರುತ್ತೇನೆ. ಮದುವೆಯಾದಾಗಿನಿಂದ ಇದೇ ನಡೆದಿದೆ. ಈ ಮನೆಯಲ್ಲಿ ಎರಡು ವೋಟೂ ತಮ್ಮದೇ ಅಂದುಕೊಂಡಿದ್ದಾರೆ ಪಾಪ. ಈ ಮನೆಯ ಸರ್ಕಾರ ನಡೀತಿರೋದು ಹಾಗೇ.

ಬೂತಿಗೆ ಹೋಗುವಾಗ ಪುಳಿಯೋಗರೆ ಕಟ್ಟಿಕೋ. ಸರ್ಕಾರಿ ಊಟ ನಂಬಬೇಡ.

ನಿನ್ನ
ಜಯತ್ತೆ


ಮಧುರವಾಡ
6 ಫೆಬ್ರವರಿ 2026

ಜಯತ್ತೆಗೆ,

ಮಾವ ಹೇಳಿದ ಗುರುತು ಬಿಟ್ಟು ಬೇರೆ ಬಟನ್ ಒತ್ತೋ ಕಳ್ಳಿ! ನಕ್ಕೂ ನಕ್ಕೂ ಸಾಕಾಯ್ತು. ನಿಮ್ಮ ಗುಟ್ಟು ನನ್ನ ಹತ್ತಿರ ಭದ್ರ.

ನಿನ್ನೆ ಪೋಲಿಂಗ್ ಮುಗಿಯಿತು. ಇನ್ನೂ ನನ್ನ ತಲೆ ನೆಲಕ್ಕೆ ಬಂದಿಲ್ಲ. ನಡೆದದ್ದನ್ನೇ ಬರೆಯುತ್ತೇನೆ, ಕನಸು ಅನ್ನಿಸಿದರೆ ನನ್ನ ತಪ್ಪಲ್ಲ.

ಬೆಳಕು ಹರಿಯುವ ಹೊತ್ತಿಗೆ ನಾನು ಗವ್ವಪಾಲೆಂ ಶಾಲೆಗೆ ತಲುಪಿದರೆ ಊರಿಗೆ ಊರೇ ಖಾಲಿ. ಬಾಗಿಲುಗಳಿಗೆ ಚಿಲಕ ಹಾಕಿದ್ದರು, ಬೀಗ ಇಲ್ಲ. ಕೋಳಿಗಳು ಓಡಾಡುತ್ತಿದ್ದವು. ಒಲೆಗಳು ಇನ್ನೂ ಬೆಚ್ಚಗಿದ್ದವು ಅಂತ ಕಾಣುತ್ತೆ, ಹೊಗೆಯ ವಾಸನೆ ಇತ್ತು. ಜನ ಎಲ್ಲಿ ಅಂತೀರಾ? ಸಮುದ್ರದ ಮೇಲೆ. ಗಂಡಸರು, ಹೆಂಗಸರು, ಮಕ್ಕಳು, ಬಸುರಿಯರು, ಎಲ್ಲ ದೋಣಿಗಳಲ್ಲಿ. ಅಲೆ ದಾಟಿ ಆಚೆ ನಿಂತಿದ್ದರು. ಶಾಲೆಯ ಕಿಟಕಿಯಿಂದ ಕಾಣುತ್ತಿತ್ತು, ಕೆಂಪು ನೀಲಿ ಸೀರೆಗಳು, ಮೇಲೊಂದು ಕೆಳಗೊಂದು ತೇಲುತ್ತಾ. ಆಗಾಗ ಗಾಳಿಯಲ್ಲಿ ನಗು ತೇಲಿ ಬರುತ್ತಿತ್ತು, ಒಂದು ಮಗು ಅಳೋದು ಕೇಳಿಸುತ್ತಿತ್ತು.

ಈಚೆ ನಾವು. ಮೇಜು, ಮಷೀನು, ರಟ್ಟಿನ ಮರೆ, ಶಾಯಿ ಬಾಟಲಿ, ಬಾಗಿಲಲ್ಲಿ ಬಂದೂಕು ಹಿಡಿದ ಪೊಲೀಸಪ್ಪ. ಪ್ರಿಸೈಡಿಂಗ್ ಆಫೀಸರ್ ಸತ್ಯಮೂರ್ತಿ ಅಂತ, ಗಣಿತದ ಮೇಷ್ಟ್ರು, ತೂಕದ ಮನುಷ್ಯ. ಸರಿಯಾದ ಹೊತ್ತಿಗೆ ಎದ್ದು ನಿಂತು "ಮತದಾನ ಶುರುವಾಗಿದೆ" ಅಂತ ಗಟ್ಟಿಯಾಗಿ ಘೋಷಿಸಿದರು. ಯಾರಿಗೆ? ಕೋಳಿಗಳಿಗೆ. ಯಾವ ಪಾರ್ಟಿಯ ಏಜೆಂಟೂ ಇರಲಿಲ್ಲ, ಅವರೂ ದೋಣಿಯಲ್ಲೇ.

ಸರ್ಕಾರ ಅಂದರೆ ನಾನು ಏನೋ ದೊಡ್ಡದು ಅಂದುಕೊಂಡಿದ್ದೆ ಅತ್ತೆ. ನಿನ್ನೆ ನೋಡಿದರೆ, ಯಾರಾದರೂ ಬರಲಿ ಅಂತ ಬಾಗಿಲು ನೋಡುತ್ತಾ ಕೂತ ನಾವು ನಾಲ್ಕಾರು ಜನ. ಮದುವೆ ಮನೆಯಲ್ಲಿ ನೆಂಟರೇ ಬರದಿದ್ದರೆ ಹೆಣ್ಣಿನ ಕಡೆಯವರು ಕೂತಿರುತ್ತಾರಲ್ಲ, ಹಾಗೆ. ಮಧ್ಯಾಹ್ನ ಎಲ್ಲರಿಗೂ ಜೋಂಪು ಹತ್ತಿತು. ಅಲೆಯ ಸದ್ದಿಗೆ ಕೋಣೆಯೇ ತೂಗುತ್ತಿದೆ, ನೆಲದ ಮೇಲಿರೋದು ಅವರು, ತೇಲುತ್ತಿರೋದು ನಾವು ಅನ್ನಿಸೋಕೆ ಶುರುವಾಯ್ತು.

ಆಗ ಬಂದಳು ಸೂರ್ಯಕಾಂತಮ್ಮ. ಒಬ್ಬಳೇ ಮುದುಕಿ, ಒಗೆದ ಬಿಳಿ ಸೀರೆ. ಗಂಡ ಸಮುದ್ರದಲ್ಲಿ ಹೋದ ಮೇಲೆ ಅವಳು ದೋಣಿ ಹತ್ತಿಲ್ಲವಂತೆ, ಅದಕ್ಕೇ ಊರಲ್ಲಿ ಬಿಟ್ಟು ಹೋಗಿದ್ದರು. ಖಾಲಿ ಬೀದಿಯುದ್ದಕ್ಕೂ ನಡೆದು ಬಂದು, ಕಾರ್ಡು ಚಾಚಿ, "ವೋಟು ಹಾಕಬೇಕು" ಅಂದಳು. ನಾವೆಲ್ಲ ಒಟ್ಟಿಗೆ ಎದ್ದು ನಿಂತೆವು, ನಗಬೇಡಿ.

ಬೆರಳಿಗೆ ಶಾಯಿ ಬಿತ್ತು. ಮರೆಗೆ ಹೋಗುವ ಮುಂಚೆ ನನ್ನ ಕಡೆ ತಿರುಗಿ ಕೇಳಿದಳು, "ನಾನು ಯಾರಿಗೆ ಒತ್ತಿದೆ ಅಂತ ಊರಿಗೆ ಗೊತ್ತಾಗುತ್ತಾ?"

ನಾನು ಬಾಯಿ ಬಿಡೋ ಹಾಗಿಲ್ಲ. ಆದರೂ ಹೇಳಿಬಿಟ್ಟೆ. "ಯಾರಿಗೂ ಗೊತ್ತಾಗಲ್ಲಮ್ಮಾ. ಅದು ಗವರ್ನಮೆಂಟ್ ಮಾತು."

"ಎಣಿಸುವಾಗ?"

ಅಯ್ಯೋ ಅತ್ತೆ, ಆಗ ಹೊಳೆಯಿತು ನನಗೆ. ಒಂದೊಂದು ಬೂತಿನ ಲೆಕ್ಕವೂ ಬೇರೆ ಬೇರೆಯಾಗಿ ಹೊರಗೆ ಬರುತ್ತೆ. ಒಂದೇ ವೋಟು ಬಿದ್ದರೆ ಅದು ಯಾರದು, ಯಾರಿಗೆ, ಎಲ್ಲ ಬಯಲು. ನನ್ನ ಮುಖ ನೋಡಿ ಅವಳಿಗೂ ಅರ್ಥವಾಯಿತು. ನಕ್ಕಳು. ಹೆದರಿದಾಗ ಕೆಲವರು ನಗುತ್ತಾರಲ್ಲ. ಮರೆಗೆ ಹೋದಳು, ಮಷೀನ್ ಕೂಗಿತು, ಬಂದಳು.

ಸಂಜೆ ದೋಣಿಗಳು ತಿರುಗಿ ಬಂದವು. ಅವಳು ಶಾಲೆಯ ಕಟ್ಟೆ ಮೇಲೆ ಕೂತಿದ್ದಳು, ಶಾಯಿಯ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು. ಪೆದ್ದಾಯನ ನೋಡಿದ. ಈ ಊರಲ್ಲಿ ಒಂದು ಪದ್ಧತಿ ಇದೆ. ದಡಕ್ಕೆ ಬಂದ ಪ್ರತಿ ದೋಣಿಯವರೂ ಗಂಡನಿಲ್ಲದ ಹೆಂಗಸರ ಬಾಗಿಲ ಬುಟ್ಟಿಗೆ ಒಂದು ಹಿಡಿ ಮೀನು ಹಾಕಿಯೇ ಮುಂದೆ ಹೋಗಬೇಕು. ಸೂರ್ಯಕಾಂತಮ್ಮ ಬದುಕಿರೋದೇ ಆ ಮೀನಿನಲ್ಲಿ. "ಯಾರಿಗೆ ಒತ್ತಿದೆ ಅಂತ ಹದಿನಾಲ್ಕನೇ ತಾರೀಖು ಮಷೀನೇ ಹೇಳುತ್ತೆ. ನಮ್ಮನ್ನು ಎಬ್ಬಿಸುವವನಿಗೆ ಒತ್ತಿದ್ದರೆ ಆವತ್ತಿಂದ ಬುಟ್ಟಿಗೆ ಮೀನಿಲ್ಲ" ಅಂದ. ಕೂಗಾಡಲಿಲ್ಲ, ನಾಳೆ ಗಾಳಿ ಜೋರಿದೆ ಅನ್ನೋ ಹಾಗೆ ಅಂದ. ನನಗೆ ಮೈಯೆಲ್ಲ ಉರಿಯಿತು.

ನಾವೂ ಸಾಮಾನು ಕಟ್ಟಿದೆವು. ಪಾಪ, ಸತ್ಯಮೂರ್ತಿ ಮೇಷ್ಟ್ರಿಗೆ ಸುಸ್ತಾಗಿತ್ತು. ಲೆಕ್ಕದ ಹಾಳೆಯಲ್ಲಿ ಒಂದರ ಬದಲು ಎರಡು ಅಂತ ಬರೆದುಬಿಟ್ಟಿದ್ದಾರೆ. ಯಾರೂ ಗಮನಿಸಲಿಲ್ಲ. ಮಾವನಿಗೆ ಇದನ್ನು ಹೇಳಬೇಡಿ, ನನ್ನ ಮಾನ ತೆಗೀತಾರೆ.

ನಿಮ್ಮ
ಹರಿಣಿ


ವಿಜಯವಾಡ
11 ಫೆಬ್ರವರಿ 2026

ಹರಿಣೀ,

ಅನರ್ಥ ಆಗಿಹೋಗಿದೆ ಕಣೇ. ನಿಮ್ಮ ಮಾವನಿಗೆ ಕನ್ನಡ ಓದೋಕೆ ಬರುತ್ತೆ!

ನಿನ್ನ ಕಾಗದವನ್ನು ಎಂದಿನಂತೆ ಊಟದ ಮೇಜಿನ ಮೇಲೇ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದರೆ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದುತ್ತಿದ್ದಾರೆ. ತೆಲುಗಿನ ಅಕ್ಷರಕ್ಕೂ ನಮ್ಮದಕ್ಕೂ ಎಷ್ಟು ದೂರ ಹೇಳು? ಅರ್ಥ ಹೇಗೆ ಗೊತ್ತಾಯ್ತು ಅಂದರೆ, "ಇಷ್ಟು ವರ್ಷ ನೀನು ತುಮಕೂರಿನ ತವರಿಗೆ ಫೋನಲ್ಲಿ ಕಿರುಚಿದ್ದು ಕೇಳಿಕೊಂಡೇ ಇದ್ದೀನಲ್ಲ" ಅಂದರು. ನಾವಿಬ್ಬರೂ ಎಂಥ ಪೆದ್ದಿಯರು! ಬೀಗ ಹಾಕಿದ್ದೀವಿ ಅಂದುಕೊಂಡು ಬಾಗಿಲು ತೆಗೆದಿಟ್ಟು ಮಲಗಿದ್ದೆವು.

ಮೊದಲು ನನ್ನ ಪಂಚಾಯ್ತಿ. ಅನ್ನ ಕಲಸುತ್ತಾ ಮೆಲ್ಲಗೆ ಕೇಳಿದರು, "ಹಾಗಾದ್ರೆ ಇಷ್ಟು ದಿನ ಯಾರಿಗೆ ಹಾಕ್ತಿದ್ದೆ?" ನಾನು ಹೇಳಲ್ಲ ಅಂದೆ. "ಬೇರೆ ಮನಸ್ಸಿದೆ ಅಂತ ನನಗೆ ಹೇಳಬಹುದಿತ್ತಲ್ಲ ಜಯಾ" ಅಂದರು. "ನೀವು ಕೇಳಬಹುದಿತ್ತಲ್ಲ" ಅಂದೆ. ಅಷ್ಟೇ. ಎರಡು ದಿನ ಮಾತಿಲ್ಲ. ನನಗೋ ಮಷೀನ್ ಹಾಕಿಕೊಂಡು ಕೂತರೂ ಕೇಳಿಸಿಕೊಳ್ಳೋಕೆ ಏನೂ ಇಲ್ಲ. ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ. ನಿನ್ನೆ ಬೆಳಗ್ಗೆ ನನ್ನ ಕಾಫಿಗೆ ಸಕ್ಕರೆ ಎಷ್ಟು ಅಂತ ಕೇಳಿದರು. ಮದುವೆಯಾದ ಮೇಲೆ ಮೊದಲ ಸಲ ಕಾಫಿ ಮಾಡಿದ್ದು, ಕೇಳಿದ್ದೂ ಮೊದಲ ಸಲ.

ಈಗ ನಿನ್ನ ಪಂಚಾಯ್ತಿ. ಗಣಿತದ ಮೇಷ್ಟ್ರು ಒಂದನ್ನು ಎರಡು ಅಂತ ಬರೆದರು ಅಂದೆಯಲ್ಲ, ಅಲ್ಲಿಗೆ ಬಂದಾಗ ಅವರ ಬೆರಳು ನಿಂತುಬಿಟ್ಟಿತು. "ಇದು ತಪ್ಪಲ್ಲ. ನಾನು ಹೇಳಿಕೊಟ್ಟದ್ದನ್ನೇ ನಿನ್ನ ಸೋದರ ಸೊಸೆ ಅವರ ಕೈಯಲ್ಲಿ ಮಾಡಿಸಿದ್ದಾಳೆ" ಅಂದರು. ಹೌದೇನೇ? ಕಲೆಕ್ಟರಿಗೆ ಬರೆಯಬೇಕು ಅಂತ ಪೆನ್ನು ತೆಗೆದರು. ನಾನು ಅಡುಗೆಮನೆಯಲ್ಲಿ ಜೀವ ಹಿಡಿದುಕೊಂಡು ನಿಂತಿದ್ದೆ. ಬರೆಯಲಿಲ್ಲ. ಬರೆದರೆ ಆ ಮುದುಕಿಯ ಹೆಸರನ್ನೂ ಬರೆಯಬೇಕಾಗುತ್ತೆ ಅಂದರು.

ಆದರೆ ನಿನ್ನ ಮೇಲೆ ಕೋಪ ಇದೆ. "ಒಂದು ಹೆಂಗಸು ಊರನ್ನೇ ಎದುರು ಹಾಕಿಕೊಂಡು ಬಂದು ಹಾಕಿದ ವೋಟನ್ನು ಇವರಿಬ್ಬರು ಸೇರಿ ಹೂತುಹಾಕಿದರು" ಅಂತಾರೆ. ನೀನು ತಲೆಗೆ ಹಚ್ಚಿಕೊಳ್ಳಬೇಡ. ಅವರಿಗೆ ಕಾನೂನು ಗೊತ್ತು, ಹಸಿವು ಗೊತ್ತಿಲ್ಲ. ನೀನು ಮಾಡಿದ್ದು ಸರಿ. ಆ ತಾಯಿ ಬುಟ್ಟಿ ತುಂಬಿರಲಿ. ನನಗೆ ಹೆಮ್ಮೆ ಅನ್ನಿಸಿತು.

ಈ ಸಲ ನಾನೇ ಹೋಗಿ ಪೋಸ್ಟ್ ಮಾಡುತ್ತೇನೆ.

ಜಯತ್ತೆ


ಮಧುರವಾಡ
14 ಫೆಬ್ರವರಿ 2026

ಅತ್ತೆ,

ಎರಡೇ ಸಾಲು. ಫಲಿತಾಂಶ ಬಂತು. ಯೋಜನೆ ತರುವವನೇ ಗೆದ್ದ, ಭಾರಿ ಅಂತರ. ಗವ್ವಪಾಲೆಂ ಮಷೀನು ಬದಿಗೇ ಉಳಿಯಿತು, ಎಣಿಸಲೇ ಇಲ್ಲ! ಮಾವನ ಊಹೆ ನಿಜ. ಆವತ್ತು ಹಾಳೆ ತುಂಬುವಾಗ ಮೇಷ್ಟ್ರ ಕಿವಿಯಲ್ಲಿ ಪಿಸುಗುಟ್ಟಿದ್ದು ನಾನೇ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನನ್ನ ಮುಖ ನೋಡದೆ ಎರಡು ಅಂತ ಬರೆದರು. ಈಗ ಅವರಿಗೊಂದು ಮೆಮೋ ಬಂದಿದೆ. ನಗುತ್ತಾ ಫೋನ್ ಮಾಡಿದ್ದರು, ಜೀವಮಾನದಲ್ಲಿ ಮೊದಲ ಸಲ ಕೂಡೋದು ತಪ್ಪಿದ್ದಂತೆ.

ಮಾವನಿಗೆ ಕೇಳಿಸುವ ಹಾಗೆ ಇದನ್ನು ಗಟ್ಟಿಯಾಗಿ ಓದಿ. ನಾನು ಯಾರಿಗೂ ಕೇಡು ಮಾಡಲಿಲ್ಲ. ಮುಂದಿನ ಭಾನುವಾರ ಹೋಗಿ ಸೂರ್ಯಕಾಂತಮ್ಮನಿಗೆ ಹೇಳಿ ಬರುತ್ತೇನೆ, ಪಾಪ ನೆಮ್ಮದಿಯಾಗಿ ನಿದ್ದೆ ಮಾಡಲಿ.

ಹರಿಣಿ


ಮಧುರವಾಡ
25 ಫೆಬ್ರವರಿ 2026

ಜಯತ್ತೆಗೂ ಮಾವನಿಗೂ,

ಈ ಕಾಗದ ಇಬ್ಬರಿಗೂ. ಮಾವ, ನೀವೇ ಓದಿ ಅತ್ತೆಗೆ ಹೇಳಿ.

ಭಾನುವಾರ ಲಡ್ಡು ಕಟ್ಟಿಸಿಕೊಂಡು ಹೋದೆ. ಸೂರ್ಯಕಾಂತಮ್ಮನ ಮನೆ ದಡದ ತುದಿಯಲ್ಲಿದೆ. ಹುಣ್ಣಿಮೆಯ ದಿನ ನೀರು ಹೊಸ್ತಿಲಿಗೆ ಬರುತ್ತಂತೆ. ಗೋಡೆಯ ಅರ್ಧದ ತನಕ ಉಪ್ಪಿನ ಬಿಳಿ ಗೆರೆ. ಒಳಗೆ ಕೂತರೆ ಅಲೆ ಪಕ್ಕದ ಕೋಣೆಯಲ್ಲಿ ಮಲಗಿ ಉಸಿರಾಡುತ್ತಿದೆ ಅನ್ನಿಸುತ್ತೆ. ಬಾಗಿಲ ಬುಟ್ಟಿಯಲ್ಲಿ ಮೀನಿತ್ತು. ನೋಡಿ ನನಗೆ ಎಷ್ಟು ಖುಷಿಯಾಯ್ತು ಗೊತ್ತಾ! ಅವಳು ಈಳಿಗೆ ಮಣೆ ಮೇಲೆ ಕೂತು ಮೀನು ಕೊಯ್ಯುತ್ತಿದ್ದಳು. ನಾನು ಎಲ್ಲ ಹೇಳಿದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ. ಹಾಳೆ, ಒಂದು, ಎರಡು, ಯಾರಿಗೂ ಇನ್ನು ಗೊತ್ತಾಗಲ್ಲ ಅಂತ.

ಅವಳ ಕೈ ನಿಂತಿತು.

"ಎಣಿಸಲೇ ಇಲ್ಲವಾ?"

"ಇಲ್ಲಮ್ಮಾ. ನಿಮ್ಮ ಬುಟ್ಟಿ..."

"ನನ್ನನ್ನು ಕೇಳಿದೆಯಾ?"

ನಾನು ಲಡ್ಡು ಪೊಟ್ಟಣ ಕೆಳಗಿಟ್ಟೆ.

"ಬೆಟ್ಟಕ್ಕೆ ಹೋಗಿ ಅಂತ ಸರ್ಕಾರ ಹೇಳಿತು, ನನ್ನನ್ನು ಕೇಳಲಿಲ್ಲ. ಹೋಗಬೇಡಿ ಅಂತ ಪೆದ್ದಲು ಹೇಳಿದರು, ನನ್ನನ್ನು ಕೇಳಲಿಲ್ಲ. ನೀನೊಬ್ಬಳು ಹೆಣ್ಣು ಬಂದೆ ಅಂದುಕೊಂಡೆ. ನೀನೂ ಕೇಳಲಿಲ್ಲ." ಕೂಗಲಿಲ್ಲ ಅತ್ತೆ. ಕೂಗಿದ್ದರೆ ತಡಕೊಳ್ಳುತ್ತಿದ್ದೆ.

ಆಮೇಲೆ ಹೇಳಿದಳು. ಅವಳಿಗೆ ಈ ಮನೆ ಬೇಡ. ನೀರು ಬರುವ ರಾತ್ರಿಗಳು ಸಾಕಾಗಿವೆ, ಬೆಟ್ಟದ ಮೇಲೆ ಗಟ್ಟಿ ಗೋಡೆ, ಮನೆಯಲ್ಲೇ ನಲ್ಲಿ ಬೇಕು. ಪೆದ್ದಲ ಸಭೆಯಲ್ಲಿ ಗಂಡನಿಲ್ಲದ ಹೆಂಗಸು ಬಾಯಿ ಬಿಡೋ ಹಾಗಿಲ್ಲ. ಮಷೀನಾದರೂ ಹೇಳುತ್ತೆ ಅಂತ ಬಂದಿದ್ದಳು. ಒಂದೇ ವೋಟಾದರೆ ಯಾರದು ಅಂತ ಊರಿಗೆಲ್ಲ ಗೊತ್ತಾಗಲಿ ಅನ್ನೋದೇ ಅವಳ ಆಸೆ. ಆವತ್ತು ನಕ್ಕದ್ದು ಹೆದರಿ ಅಲ್ಲ, ಖುಷಿಗೆ. ಬೆರಳು ಸುತ್ತಿಕೊಂಡದ್ದು ಉಪ್ಪುನೀರಿಗೆ ಶಾಯಿ ಹೋದೀತು ಅಂತ. ನಾನು ಎಲ್ಲವನ್ನೂ ತಲೆಕೆಳಗಾಗಿ ಓದಿದ್ದೆ. "ಮೀನು ನಿಂತರೆ ನಿಲ್ಲಲಿ ಅಂತ ತೀರ್ಮಾನ ಮಾಡಿಯೇ ಬಂದಿದ್ದೆ. ಈಗ ಗೆದ್ದವನ ಲೆಕ್ಕದಲ್ಲಿ ನಮ್ಮ ಬೂತಿನ ವೋಟು ಕಾಣದೆ ಅವರು ನಾನೂ ಅವರ ಕಡೆ ಅಂದುಕೊಂಡು ಮೀನು ಹಾಕುತ್ತಿದ್ದಾರೆ. ಹೇಗೆ ನುಂಗಲಿ ಇದನ್ನ?" ಅಂದಳು.

ಮಾವ, ನೀವು ಹೇಳಿದ್ದು ಸರಿ. ಹೂತುಹಾಕಿದ್ದೆ. ಅವಳಿಗೆ ಒಳ್ಳೆಯದು ಯಾವುದು ಅಂತ ನಾನೇ ನಿರ್ಧಾರ ಮಾಡಿ, ಅವಳ ಬಾಯಿಯ ಮೇಲೆ ಕೈಯಿಟ್ಟು, ಮೇಲೆ ಲಡ್ಡು ಬೇರೆ ತಗೊಂಡು ಹೋಗಿದ್ದೆ. ನಾಚಿಕೆಯಾಯ್ತು.

ಏನು ಮಾಡಲಿ ಅಂತ ಈ ಸಲ ಕೇಳಿದೆ. "ನಾಳೆ ಸಂಜೆ ಸಭೆ ಇದೆ, ಬಾ. ನೀನು ಮಾಡಿದ್ದನ್ನು ನೀನು ಹೇಳು. ಸರ್ಕಾರದವಳು ಅಂತ ನಿನಗೆ ಬಾಯಿ ಬಿಡೋಕೆ ಬಿಡುತ್ತಾರೆ. ನಿನ್ನ ಹಿಂದೆ ನಾನು ಹೇಳುತ್ತೀನಿ" ಅಂದಳು. ಸತ್ಯಮೂರ್ತಿ ಮೇಷ್ಟ್ರಿಗೆ ಫೋನ್ ಮಾಡಿ, ನಿಮ್ಮ ಹೆಸರು ಹೇಳಬಹುದಾ ಅಂತ ಕೇಳಿದೆ. "ಬರೆದದ್ದು ನನ್ನ ಕೈ. ಹೇಳಿ" ಅಂದರು.

ಬಲೆ ಒಣಗಿಸುವ ಚಪ್ಪರದ ಕೆಳಗೆ ಸಭೆ. ಮೇಲೆ ನೇತುಹಾಕಿದ ಬಲೆಗಳ ನೆರಳು ಎಲ್ಲರ ಮೈಮೇಲೆ ಬಿದ್ದಿತ್ತು. ನಾನು ತೊದಲುತ್ತಾ ಎಲ್ಲ ಹೇಳಿದೆ. ಯಾರೂ ಬೈಯಲಿಲ್ಲ. ಆಮೇಲೆ ಸೂರ್ಯಕಾಂತಮ್ಮ ಚಪ್ಪರದ ಹೊರಗಿನ ಕಂಬ ಹಿಡಿದು ನಿಂತು ಹೇಳಿದಳು, ಯಾರಿಗೆ ಒತ್ತಿದೆ, ಯಾಕೆ ಒತ್ತಿದೆ.

ಪೆದ್ದಾಯನ ತುಂಬ ನೊಂದುಕೊಂಡ. ಅವನನ್ನು ಕೆಟ್ಟವನು ಅನ್ನೋಕೆ ಈಗ ನನಗೆ ಮನಸ್ಸಾಗಲ್ಲ. "ನಮ್ಮ ಹತ್ತಿರ ಪಟ್ಟಾ ಇಲ್ಲ, ಪೊಲೀಸ್ ಇಲ್ಲ. ಊರಿನ ಮಾತು ಒಂದೇ ಅನ್ನೋದು ಬಿಟ್ಟು ನಮಗೇನಿದೆ? ಎರಡಾಯ್ತು ಅಂತ ಗೊತ್ತಾದರೆ ನಾಳೆಯೇ ಜೆಸಿಬಿ ಬರುತ್ತೆ ಕಣಮ್ಮಾ" ಅಂದ.

"ಒಂದೇ ಇರಲಿ ಅಣ್ಣಾ. ಆ ಒಂದರಲ್ಲಿ ನನ್ನದು ಎಲ್ಲಿದೆ ತೋರಿಸು" ಅಂದಳು ಅವಳು.

ಸಭೆ ಅಲ್ಲಿಗೇ ಎದ್ದುಹೋಯಿತು.

ನಿನ್ನೆ ಬೆಳಗ್ಗೆ ಬ್ಯಾಂಕಿಗೆ ಹೋಗುವ ಮುಂಚೆ ಹೋಗಿ ನೋಡಿದೆ. ಬುಟ್ಟಿ ಖಾಲಿ. ದೋಣಿಗಳು ಬಂದಿದ್ದವು, ಗಂಡಸರು ಅವಳ ಬಾಗಿಲು ದಾಟುವಾಗ ಸಮುದ್ರದ ಕಡೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ನನಗೆ ಅಳು ಬಂತು. ಅವಳು ತಲೆ ಬಾಚಿಕೊಂಡು ಕೂತಿದ್ದಳು. "ಅಳಬೇಡ, ಟೀ ಕುಡಿ" ಅಂದಳು. ಟೀ ಕುಡಿಯುತ್ತಿರುವಾಗ ಪಕ್ಕದ ಮನೆಯ ಹೆಂಗಸು, ಪೆದ್ದಾಯನ ಸೊಸೆಯೇ, ಆಚೀಚೆ ನೋಡಿಕೊಂಡು ಬಂದು ಬುಟ್ಟಿಗೆ ಎರಡು ಮೀನು ಹಾಕಿದಳು. ಹೋಗಲಿಲ್ಲ, ನಿಂತಳು.

"ಅತ್ತಮ್ಮಾ, ಬೆಟ್ಟದ ಮನೆಯಲ್ಲಿ ನಲ್ಲಿ ಇರುತ್ತಂತಲ್ಲ, ನಿಜವಾ?"

ಇಬ್ಬರೂ ನನ್ನ ಕಡೆ ನೋಡಿದರು. ಹೌದು ಅನ್ನೋದು ನನ್ನ ನಾಲಿಗೆ ತುದಿಗೆ ಬಂದಿತ್ತು. "ನನಗೆ ಗೊತ್ತಿಲ್ಲ" ಅಂದೆ.

ಮೂವರೂ ಬೆಟ್ಟ ಹತ್ತಿದೆವು. ಗೋಡೆಗಳು ಸೊಂಟದೆತ್ತರ ಎದ್ದು ಕೆಲಸ ಅಲ್ಲಿಗೇ ನಿಂತಿದೆ, ನಡುವೆ ಹುಲ್ಲು ಬೆಳೆದಿದೆ. ನೆಲದಿಂದ ಒಂದು ಪೈಪು ಮೇಲೆ ಬಂದಿದೆ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿದ್ದಾರೆ. ಸೂರ್ಯಕಾಂತಮ್ಮ ಬಗ್ಗಿ ಅದನ್ನು ಬಿಚ್ಚಿ ಒಳಗೆ ಬೆರಳು ಹಾಕಿ ನೋಡಿದಳು. ಒಣಗಿತ್ತು.

"ಇದನ್ನು ಯಾರನ್ನು ಕೇಳಬೇಕು?" ಅಂದಳು.

"ಕಲೆಕ್ಟರ್ ಆಫೀಸಿನಲ್ಲಿ" ಅಂದೆ.

"ನಡಿ" ಅಂದಳು. ನಾನು ಬ್ಯಾಂಕಿಗೆ ರಜೆ ಹೇಳೋಕೆ ಫೋನ್ ತೆಗೆಯುವಷ್ಟರಲ್ಲಿ ಅವಳು ಅರ್ಧ ಬೆಟ್ಟ ಇಳಿದಿದ್ದಳು.

ಹರಿಣಿ